ಮೊಂಡಿಯ ಬೆರಳು

ಮೊಂಡಿಯ ಬಲಗೈ ತೋರುಬೆರಳಿನ ಪಕ್ಕದಲ್ಲಿ ಗಟ್ಟಿಯಾಗಿ ಏನೋ ಎದ್ದಿರುವುದನ್ನು ಮೊದಲು ಕಂಡವಳು ಅವಳ ಅತ್ತೆ. ಕಂಡವಳು ಹಿಗ್ಗಿದಳು. ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದ ಸೊಸೆಯ ಕೈ ಎಳೆದುಕೊಂಡು, ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ, ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಒತ್ತಿ, "ಮತ್ತೆ ಬಂತು ಕಣೇ ಜಡ್ಡು," ಎಂದಳು.

ಅವರದು ಬುಟ್ಟಿ ಹೆಣೆಯುವ ಮನೆ. ಆ ಕಸುಬಿನಲ್ಲಿ ಹೆಣೆಯುವುದನ್ನು ಯಾರಾದರೂ ಕಲಿತಾರು. ಹೆರೆಯುವುದು ಎಲ್ಲರ ಕೈಗೆ ದಕ್ಕುವುದಿಲ್ಲ. ತೊಡೆಯ ಮೇಲೆ ಗೋಣಿಪಟ್ಟಿ ಹಾಸಿಕೊಂಡು, ಕತ್ತಿಯನ್ನು ಎಡಗೈಯಲ್ಲಿ ಅಲುಗದಂತೆ ಹಿಡಿದು, ಸೀಳಿದ ದಬ್ಬೆಯನ್ನು ಬಲಗೈ ತೋರುಬೆರಳಿನ ಪಕ್ಕದಿಂದ ಅಲಗಿಗೆ ಒತ್ತುತ್ತ ಎಳೆಯಬೇಕು. ಹೆಚ್ಚು ಒತ್ತಿದರೆ ದಬ್ಬೆ ತುಂಡು. ಕಡಿಮೆ ಒತ್ತಿದರೆ ದಪ್ಪ ಉಳಿದು, ಬಾಗಿಸುವಾಗ ಲಟಕ್ಕೆಂದು ಮುರಿಯುತ್ತದೆ. ಎಷ್ಟು ಒತ್ತಬೇಕೆಂಬುದನ್ನು ಬಾಯಲ್ಲಿ ಹೇಳಿಕೊಡಲಾಗದು, ಬೆರಳೇ ಕಲಿಯಬೇಕು. ವರ್ಷಗಟ್ಟಲೆ ಎಳೆದ ಮೇಲೆ ಆ ಜಾಗದ ಚರ್ಮ ಕೊಂಬಿನ ಹಾಗೆ ಗಟ್ಟಿಯಾಗುತ್ತದೆ. ಅದೇ ಜಡ್ಡು. ಮಗನಿಗೆ ಹೆಣ್ಣು ನೋಡಲು ಹೋದ ದಿನ ಅತ್ತೆ ಹುಡುಗಿಯ ಮುಖ ನೋಡಿದ್ದು ಆಮೇಲೆ; ಮೊದಲು ಅವಳ ಬೆರಳು ಹಿಸುಕಿ ನೋಡಿದ್ದಳು.

ಮೊಂಡಿ ಎಂದು ಹೆಸರಿಟ್ಟವಳೂ ಅತ್ತೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ಬುಟ್ಟಿಯ ಅಂಚಿನ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿತ್ತು. ಒಳಗಿನಿಂದ ಹೊರಕ್ಕೆ ಸುತ್ತಿ ಕಟ್ಟಬೇಕೆಂದು ಅತ್ತೆ, ಹೊರಗಿನಿಂದ ಒಳಕ್ಕೆ ಸುತ್ತಿದರೇ ಗಟ್ಟಿಯೆಂದು ಸೊಸೆ. ಅತ್ತೆ ಬಿಚ್ಚುವುದು, ಸೊಸೆ ಮತ್ತೆ ತನ್ನ ರೀತಿಯಲ್ಲೇ ಕಟ್ಟುವುದು, ಹೀಗೆ ಒಂದೇ ಬುಟ್ಟಿ ವಾರವೆಲ್ಲ ಅಂಗಳ ಬಿಟ್ಟು ಕದಲಲಿಲ್ಲ. ಕೊನೆಗೆ ಅತ್ತೆ ಕೈ ಒದರಿ, ಸೊಸೆ ತರೋಣವೆಂದು ಹೋದರೆ ಮೊಂಡಿ ಬಂದಳೆಂದು ಬೀದಿಗೆಲ್ಲ ಕೇಳುವಂತೆ ಹೇಳಿದ್ದಳು. ಬೀದಿಯೂ ಹಾಗೇ ಕರೆಯಿತು. ಯಾರದು ಎಂದು ಒಳಗಿನಿಂದ ಕೇಳಿದರೆ "ನಾನು, ಮೊಂಡಿ" ಎನ್ನುವಷ್ಟು ಆ ಹೆಸರು ಅವಳಿಗೆ ಒಗ್ಗಿಹೋಯಿತು.

ಆಮೇಲೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಯಂತ್ರಕ್ಕೆ ಹಚ್ಚಿ ರಕ್ತ ತೊಳೆಸಿಕೊಂಡು ಬರುವ ವರ್ಷಗಳು ಶುರುವಾದವು. ಒಂದು ದಿನ ಆಸ್ಪತ್ರೆ, ಮಾರನೆಯ ದಿನ ಹಾಸಿಗೆ. ಗಂಡ ಸೈಕಲ್ಲಿನ ಹಿಂದೆ ಬುಟ್ಟಿ ಪೇರಿಸಿಕೊಂಡು ಸಂತೆಗೆ ಹೋಗುವವನು. ಈಗ ಅದೇ ಜಾಗದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಬಸ್ಸಿನ ತನಕ ಬಿಟ್ಟು ಬರುತ್ತಿದ್ದ. ತಾನೂ ಒಂದು ಬುಟ್ಟಿಯೇ, ಆದರೆ ಯಾರೂ ಕೊಳ್ಳದೆ ವಾಪಸು ಬರುವ ಬುಟ್ಟಿ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಸೂಜಿಯ ನೋವು ಅಭ್ಯಾಸವಾಯಿತು. ಅಭ್ಯಾಸವಾಗದೆ ಉಳಿದದ್ದು ಕೈ ಮೆತ್ತಗಾದದ್ದು. ಬೆರಳಿನ ಜಡ್ಡು ಪದರ ಪದರವಾಗಿ ಉದುರಿ, ಒಳಗಿನಿಂದ ಎಳೆಮಗುವಿನದರಂಥ ಚರ್ಮ ಬಂತು. ನೋಡಲು ಬಂದ ಹೆಂಗಸೊಬ್ಬಳು ಕೈ ಎಷ್ಟು ನಯವಾಗಿದೆಯೆಂದು ಹೊಗಳಿದಾಗ ಮೊಂಡಿ ಅವಳನ್ನು ಚಹಾ ಕೊಡದೆ ಕಳಿಸಿದ್ದಳು.

ಕಿಡ್ನಿ ಕೊಡಲು ಗಂಡ ಮುಂದೆ ಬಂದ, ಅವನದು ಹೊಂದಲಿಲ್ಲ. ತವರಿನಲ್ಲಿ ಕೊಡಬಲ್ಲವರು ಯಾರೂ ಉಳಿದಿರಲಿಲ್ಲ. ಅತ್ತೆಯದು ಹೊಂದಿತು. ಇಷ್ಟು ವರ್ಷ ಹೊಂದಿಕೊಳ್ಳದ ನಾವು ಒಳಗಿನಿಂದ ಹೊಂದುತ್ತೇವಂತೆ ನೋಡು ಎಂದು ಅತ್ತೆ ನಕ್ಕು, ಜಗಳಕ್ಕಾದರೂ ಮನೆಯಲ್ಲಿ ಒಂದು ಜೊತೆ ಬೇಕಲ್ಲ ಎಂದು ಕೊಟ್ಟೇಬಿಟ್ಟಳು. ಆಪರೇಷನ್ ಆಗಿ ಇಬ್ಬರೂ ಎದ್ದು ಓಡಾಡಿದರು. ಮೊಂಡಿಗೆ ಮಾತ್ರ ಜೀವಮಾನವಿಡೀ ನುಂಗಬೇಕಾದ ಮಾತ್ರೆಗಳು ಬಂದವು. ಕಿಡ್ನಿಯ ಡಾಕ್ಟರಮ್ಮ ನಿಧಾನಕ್ಕೆ ತಿಳಿಸಿ ಹೇಳಿದ್ದಳು: ದೇಹದಲ್ಲಿ ಕಾವಲಿನವರಿದ್ದಾರೆ, ಹೊರಗಿನದೇನು ಬಂದರೂ ಒದ್ದು ಓಡಿಸುತ್ತಾರೆ, ಈ ಕಿಡ್ನಿಯನ್ನೂ ಬಿಡುವುದಿಲ್ಲ, ಅದಕ್ಕೇ ಅವರಿಗೆ ಜೋಂಪು ಹತ್ತಿಸುವ ಮಾತ್ರೆ. ಮೊಂಡಿ ಅದನ್ನು ತನ್ನದೇ ರೀತಿಯಲ್ಲಿ ಬೀದಿಗೆ ಹೇಳಿದಳು. ಅತ್ತೆಯನ್ನು ಸಹಿಸಿಕೊಳ್ಳುವುದಕ್ಕೆ ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು ಮಾತ್ರೆ, ನಿಮಗೂ ಬೇಕಿದ್ದರೆ ಹೇಳಿ ಎಂದಳು. ನೀರು ಹಿಡಿಯಲು ನಿಂತ ಸೊಸೆಯಂದಿರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತೆ.

ಮಣ್ಣು, ಧೂಳು, ಕೊಳೆತ ಮರ ಇವುಗಳಿಂದ ದೂರವಿರಬೇಕು, ಬಿದಿರು ಮುಟ್ಟಲೇಬೇಕಾದರೆ ಕೈಗವಸು ಹಾಕಬೇಕು ಎಂದೂ ಡಾಕ್ಟರಮ್ಮ ಹೇಳಿದ್ದಳು. ಮೊಂಡಿ ಒಂದು ಮಧ್ಯಾಹ್ನ ಹಾಕಿ ನೋಡಿದಳು. ಕೈಯ ಕಣ್ಣು ಕಟ್ಟಿದ ಹಾಗಾಯಿತು. ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿದಳು. ಬರಿಗೈಯಲ್ಲಿ ಹೆರೆದಳು. ಹೊಸ ಚರ್ಮ ಮೊದಮೊದಲು ಬೊಬ್ಬೆಯೆದ್ದಿತು, ಸಿಬಿರು ಚುಚ್ಚಿತು. ಸೂಜಿಯಿಂದ ಕೆದಕಿ ತೆಗೆದು ಮತ್ತೆ ಕೂತಳು. ಹಾಗೆ ಕೂತು ಕೂತು ಒಂದು ದಿನ ಆ ಗಟ್ಟಿ ಜಾಗ ಬಂತು; ಅತ್ತೆ ಅಂಗಳದಲ್ಲಿ ಒತ್ತಿ ನೋಡಿ ಹಿಗ್ಗಿದ್ದು ಅದನ್ನೇ. ತೀರಿಕೊಂಡಳೆಂದು ಬೀದಿಯವರು ಅರ್ಧ ಲೆಕ್ಕ ಹಾಕಿದ್ದ ಹೆಂಗಸಿನ ಬೆರಳಿಗೆ ಜಡ್ಡು ಮರಳಿ ಬಂದರೆ ಅದನ್ನು ಮುಚ್ಚಿಡುತ್ತಾರೆಯೇ? ಅವಳು ಸಿಕ್ಕಸಿಕ್ಕವರಿಗೆಲ್ಲ ತೋರಿಸಿದಳು, ಮುಟ್ಟಿ ನೋಡಿ ಎಂದಳು. ಅತ್ತೆ ದಿನಾ ಸಂಜೆ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದಳು.

ಅದು ಬೆಳೆಯಿತು. ಚಪ್ಪಟೆಯಾಗಿ ಇರಬೇಕಾದದ್ದು ಗುಂಡಗಾಯಿತು. ಬಣ್ಣ ಕಪ್ಪಗಾದದ್ದಕ್ಕೆ ಬಿದಿರಿನ ಕರೆ ಎಂದರು. ಮುಟ್ಟಿದರೆ ನೋವಿಲ್ಲವಲ್ಲ, ಜಡ್ಡಿಗೆ ನೋವಿರುವುದಿಲ್ಲ ಎಂದರು. ಆಮೇಲೆ ಮೆತ್ತಗಾಗತೊಡಗಿದಾಗ ಮೊಂಡಿಗೆ ಒಳಗೊಳಗೇ ಏನೋ ಅನಿಸಿತು. ಅತ್ತೆ ಮಾತ್ರ ಹಸಿ ಬಿದಿರಿನ ನೀರು ಕುಡಿದಿದೆ, ಬಿಸಿಲು ಬಂದರೆ ಒಣಗುತ್ತದೆ ಎಂದು ತೀರ್ಪು ಕೊಟ್ಟಳು. ಬೆರಳಿನ ವಿಷಯದಲ್ಲಿ ಆ ಬೀದಿಯಲ್ಲಿ ಅತ್ತೆಯ ಮಾತಿಗೆ ಎದುರು ಹೇಳುವವರಿರಲಿಲ್ಲ. ಒಂದು ಮಧ್ಯಾಹ್ನ ದಬ್ಬೆ ಎಳೆಯುವಾಗ ಅದು ಒಡೆದು, ಕಂದು ಬಣ್ಣದ ಮಂದ ನೀರು ಕತ್ತಿಯ ಮೇಲೆ ಇಳಿಯಿತು. ಮೊಂಡಿ ಬಟ್ಟೆಯ ಚೂರು ಸುತ್ತಿಕೊಂಡಳು.

ತಿಂಗಳ ತಪಾಸಣೆಗೆ ಹೋದಾಗ ಡಾಕ್ಟರಮ್ಮ ರಕ್ತದ ವರದಿ ನೋಡಿ ತೃಪ್ತಿಯಿಂದ ತಲೆಯಾಡಿಸಿ, ಬೆರಳಿಗೇನಾಯಿತೆಂದು ಕೇಳಿದಳು.

"ಜಡ್ಡು," ಎಂದಳು ಮೊಂಡಿ.

ಡಾಕ್ಟರಮ್ಮ ಬೆಳೆದ ಕಡೆ ಜಡ್ಡು ಅಂದರೆ ಕಾಯಿಲೆ. ಅವಳು ಮುಂದಕ್ಕೆ ಬಾಗಿದಳು. "ಯಾವ ಜಡ್ಡು? ಯಾರಿಗೆ ತೋರಿಸಿದ್ರಿ?"

"ಅತ್ತೆಗೆ."

"ಅವರೇನಂದ್ರು?"

"ಒಳ್ಳೇ ಜಡ್ಡು, ಎಣ್ಣೆ ಹಚ್ಚು, ಇನ್ನೂ ಚೆನ್ನಾಗಿ ಬೆಳೀಲಿ ಅಂದ್ರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಪಕ್ಕದಲ್ಲಿ ಕೂತಿದ್ದ ಗಂಡನಿಗೆ ಎಡವಟ್ಟು ಗೊತ್ತಾಗಿ, ಜಡ್ಡು ಎಂದರೆ ದುಡಿದ ಕೈಗೆ ಬರುವ ಗಟ್ಟಿ ಚರ್ಮವೆಂದು ವಿವರಿಸಿದ. ನರ್ಸೂ ಸೇರಿ ಎಲ್ಲರೂ ನಕ್ಕರು. ನಗುತ್ತಲೇ ಡಾಕ್ಟರಮ್ಮ ಬಟ್ಟೆ ಬಿಚ್ಚಿದಳು. ಬಿಚ್ಚಿದ ಮೇಲೆ ನಗಲಿಲ್ಲ. ಈ ಸಲ ಆ ಪದಕ್ಕೆ ಡಾಕ್ಟರಮ್ಮನ ಊರಿನ ಅರ್ಥವೇ ಸರಿಯಾಗಿತ್ತು.

ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ವರದಿ ಬರಲು ತಡವಾಯಿತು. ಬಂದ ದಿನ ಅತ್ತೆಯೂ ಜೊತೆಗೆ ಹೋಗಿದ್ದಳು. ಅದೊಂದು ಬೂಷ್ಟು ಎಂದಳು ಡಾಕ್ಟರಮ್ಮ, ಕಪ್ಪು ಬೂಷ್ಟು. ಮಣ್ಣಿನಲ್ಲಿ, ಕೊಳೆಯುವ ಕಟ್ಟಿಗೆಯಲ್ಲಿ ಇರುವಂಥದು. ಸಿಬಿರಿನ ಜೊತೆ ಒಳಗೆ ಹೋಗಿದೆ. ಬೇರೆಯವರಲ್ಲಾದರೆ ಕಾವಲಿನವರು ಅಲ್ಲೇ ಹೊಸಕಿಹಾಕುತ್ತಿದ್ದರು, ನಿಮ್ಮ ಕಾವಲಿನವರನ್ನು ನಾವೇ ಜೋಂಪು ಹತ್ತಿಸಿ ಕೂರಿಸಿದ್ದೇವೆ. ತೀರಾ ಅಪರೂಪದ್ದು, ತಾನೂ ಓದಿದ್ದಳೇ ಹೊರತು ಕಂಡಿರಲಿಲ್ಲ, ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸಿದ್ದಳು. ಹಳೆಯ ಗೋಣಿಗೆ ಹಿಡಿಯುವುದು ಮನುಷ್ಯರಿಗೂ ಹಿಡಿಯುತ್ತದೆಯೇ ಎಂದು ಅತ್ತೆ ಕೇಳಿದಳು. ಹಿಡಿಯುತ್ತದೆ ಎಂದಾಗ, ದಿನಾ ಎಣ್ಣೆ ತಿಕ್ಕಿದ್ದ ತನ್ನ ಹೆಬ್ಬೆರಳನ್ನು ಸೀರೆಯ ಸೆರಗಿನಲ್ಲಿ ಸುತ್ತಿಟ್ಟುಕೊಂಡಳು.

ಕತ್ತರಿಸುವ ಡಾಕ್ಟರು ಬೇರೆ. ಎತ್ತರದ ಮನುಷ್ಯ, ಮಾತು ನೇರ. ಗಂಟು ಬೆರಳನ್ನು ಮಡಚುವ ಸ್ನಾಯುರಜ್ಜುವಿನ ಮೇಲೆಯೇ ಕೂತಿದೆ ಎಂದ. ದಾರಿ ಎರಡು. ಬೆರಳನ್ನೇ ಬುಡದಿಂದ ತೆಗೆದುಬಿಟ್ಟರೆ ಬೂಷ್ಟು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಇಲ್ಲವೇ ಗಂಟನ್ನಷ್ಟೇ ತೆಗೆದು, ತಿಂಗಳುಗಟ್ಟಲೆ ಮಾತ್ರೆ ಕೊಡಬೇಕು. ಆ ಮಾತ್ರೆಗೂ ಕಿಡ್ನಿಯ ಮಾತ್ರೆಗೂ ಆಗಿಬರುವುದಿಲ್ಲ, ಒಂದು ಇನ್ನೊಂದರ ಜೋರು ಹೆಚ್ಚಿಸುತ್ತದೆ, ಪದೇಪದೇ ರಕ್ತ ನೋಡುತ್ತಿರಬೇಕು, ಕಿಡ್ನಿಗೆ ಪೆಟ್ಟು ಬೀಳಲೂಬಹುದು. ಅಷ್ಟಾಗಿಯೂ ಅದು ಮತ್ತೆ ಬಂದರೆ ಬರಬಹುದು. ತನ್ನ ತಂಗಿಯಾಗಿದ್ದರೆ ಬೆರಳು ತೆಗೆಯುತ್ತಿದ್ದೆ ಎಂದೂ ಹೇಳಿದ.

"ಬೆರಳು ಇರಲಿ," ಎಂದಳು ಮೊಂಡಿ. ಯೋಚಿಸಲಿಕ್ಕೆ ಸಮಯ ತಗೊಳ್ಳಿ ಎಂದ ಅವನು. ಯೋಚಿಸಿಯೇ ಹೇಳಿದೆ ಎಂದಳು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಹಾಕಿಕೊಂಡು ಬಂದಳು. ಮನೆಗೆ ಬಂದು, ಕಾಲು ತೊಳೆದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತ ಮೇಲೆ ಶುರುಮಾಡಿದಳು. ಒಂದು ಬೆರಳಿಗಾಗಿ ಪ್ರಾಣ ಒತ್ತೆ ಇಡುವವರುಂಟೇ ಎಂದಳು. ಬೆರಳಿಲ್ಲದೆ ಬದುಕುವವರು ಲೋಕದಲ್ಲಿ ಎಷ್ಟಿಲ್ಲ ಎಂದಳು. ಇದ್ದಾರೆ, ಆದರೆ ಅವರ ಬೆರಳು ತೆಗೆಯುವಾಗ ಯಾರೂ ಅವರನ್ನು ಕೇಳಿರಲಿಲ್ಲ, ನನ್ನನ್ನು ಕೇಳುತ್ತಿದ್ದಾರೆ, ನಾನು ಬೇಡ ಅನ್ನುತ್ತಿದ್ದೇನೆ ಎಂದಳು ಮೊಂಡಿ. ಗಂಡ ಕಂಬಕ್ಕೊರಗಿ ನಿಂತಿದ್ದವನು ಗಂಟಲು ಸರಿಮಾಡಿಕೊಂಡು, ಅವ್ವ ಹೇಳುವುದರಲ್ಲೂ ಅರ್ಥವಿದೆ, ಒಂದು ಬೆರಳು ತಾನೆ ಎಂದ.

"ಹಾಗಾದ್ರೆ ನಿಮ್ಮ ನಾಲಿಗೆ ತೆಗೆಸೋಣ. ಹೇಗೂ ವರ್ಷಕ್ಕೊಂದ್ಸಲ ಉಪಯೋಗಿಸ್ತೀರಿ."

ಅವನು ಸೈಕಲ್ಲಿಗೆ ಗಾಳಿ ಹಾಕಲು ಹೊರಗೆ ಹೋದ. ಅತ್ತೆ ಹೊಸ್ತಿಲಿನಿಂದ ಏಳಲಿಲ್ಲ. ಸ್ವರ ತಗ್ಗಿಸಿ, ಹೆರೆಯುವುದನ್ನು ತಾನು ಮಾಡಿಕೊಡುವುದಾಗಿ, ಮೊಂಡಿ ಉಳಿದ ಬೆರಳುಗಳಲ್ಲಿ ಹೆಣೆದರೆ ಸಾಕೆಂಬುದಾಗಿ ಹೇಳಿದಳು. ಅದು ಜಗಳದ ಮಾತಲ್ಲವೆಂದು ಮೊಂಡಿಗೆ ಗೊತ್ತಿತ್ತು. ಅತ್ತೆಯ ಕೈ ಈಚೆಗೆ ಲೋಟ ಎತ್ತುವಾಗಲೂ ನಡುಗುತ್ತಿತ್ತು. ನೀವು ಇನ್ನೆಷ್ಟು ವರ್ಷ ಹೆರೆದು ಕೊಟ್ಟೀರಿ ಎಂದು ಕೇಳಿದಳು. ಅತ್ತೆ ಇಷ್ಟು ದಿನ ತಮಾಷೆಗೂ ಆಡದಿದ್ದ ಮಾತನ್ನು ಆಡಿದಳು.

"ನಿನ್ನ ಹೊಟ್ಟೇಲಿರೋದು ನನ್ನದು. ಅದರ ಮೇಲೆ ನನ್ನ ಮಾತೂ ನಡೀಬೇಕು."

ಮೊಂಡಿ ಅತ್ತೆಯನ್ನೇ ನೋಡಿದಳು. "ನೀವು ಕೊಟ್ಟಿದ್ದು ಕಿಡ್ನಿ, ಅತ್ತೆ. ಯಜಮಾನಿಕೆ ಅಲ್ಲ. ಸುಮ್ಮನೆ ಮೂಲೇಲಿ ಕೂತು ಉಸಿರಾಡಲಿ ಅಂತಿದ್ರೆ ಆಗಲೇ ಹೇಳಬೇಕಿತ್ತು. ನಾನು ತಗೋತಾನೇ ಇರಲಿಲ್ಲ."

ಅತ್ತೆ, ಹೆಸರಿಟ್ಟದ್ದೇ ತಪ್ಪಾಯಿತು, ಮೊಂಡಿ ಮೊಂಡಿ ಎಂದು ಕರೆದೂ ಕರೆದೂ ಕೊನೆಗೆ ಕೈಯನ್ನೇ ಮೊಂಡು ಮಾಡಿಕೊಳ್ಳುತ್ತಾಳೆ, ಬೆರಳಲ್ಲ, ಮೊಣಕೈತನಕ ಹೋಗುತ್ತದೆ ಎಂದು ಗೊಣಗುತ್ತ ಎದ್ದುಹೋದಳು.

ಮರುದಿನದಿಂದ ಮನೆಯಲ್ಲಿ ಮಾತು ನಿಂತಿತು. ಅತ್ತೆ ಅಂಗಳದಲ್ಲಿದ್ದ ಬಿದಿರನ್ನೆಲ್ಲ ಪಕ್ಕದ ಬೀದಿಯ ಬುಟ್ಟಿಯವರಿಗೆ ಕೊಟ್ಟು ಕಳಿಸಿದಳು. ಬಿದಿರು ನೆನೆಹಾಕುವ ತೊಟ್ಟಿಯನ್ನು ತೆಂಗಿನನಾರಿನಿಂದ ತಿಕ್ಕಿ ತಿಕ್ಕಿ, ಪಾಚಿ ಹೋದ ಮೇಲೂ ತಿಕ್ಕಿದಳು. ಜಡ್ಡಿಗೆ ಹಚ್ಚುತ್ತಿದ್ದ ಎಣ್ಣೆಯ ಬಾಟಲಿ ಇನ್ನೂ ಅರ್ಧದಷ್ಟು ತುಂಬಿತ್ತು; ಅದನ್ನು ಒಯ್ದು ತಿಪ್ಪೆಗೆ ಎಸೆದು ಬಂದಳು. ಮೊಂಡಿ ಕಿಟಕಿಯಿಂದ ನೋಡಿದಳು. ಸಿಟ್ಟು ತನ್ನ ಮೇಲಿನದಷ್ಟೇ ಅಲ್ಲವೆಂದು ಅರ್ಥವಾಯಿತು. ಹೋಗಿ ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಆ ಸಮಾಧಾನದ ಬೆನ್ನಿಗೇ ಬೆರಳು ಕೊಡಬೇಕಾಗಿ ಬರುತ್ತದೆ ಎಂಬ ಭಯ ಅವಳಿಗಿತ್ತು.

ಗಂಟು ತೆಗೆಯುವ ದಿನ ಕೈಯನ್ನಷ್ಟೇ ಜೋಮು ಹಿಡಿಸಿದರು. ನಡುವೆ ಪರದೆ ಕಟ್ಟಲು ಬಂದ ನರ್ಸಿಗೆ ಮೊಂಡಿ ಬೇಡವೆಂದಳು, ತನ್ನ ಕೈಯನ್ನು ತಾನೇ ಕಾಯುತ್ತೇನೆಂದಳು. ಕತ್ತರಿಸುವ ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, ನಾನು ಕದ್ದುಕೊಂಡು ಹೋಗುವುದಿಲ್ಲಮ್ಮ ಎಂದ. ಅವನ ಕೈಕೆಲಸ ಶುದ್ಧವಾಗಿತ್ತು. ಅದನ್ನವಳು ಮನಸ್ಸಿನಲ್ಲೇ ಒಪ್ಪಿಕೊಂಡಳು. ತೆಗೆದದ್ದನ್ನು ತಟ್ಟೆಯಲ್ಲಿ ಹಾಕಿ ತೋರಿಸಿದ. ದ್ರಾಕ್ಷಿಯಷ್ಟು, ಕಪ್ಪಗೆ, ಚರ್ಮದ ಚೀಲದ ಹಾಗಿತ್ತು. ಸೀಳಿದಾಗ ಒಳಗೆ ಕೂದಲಿನಷ್ಟು ಸಣ್ಣ ಸಿಬಿರು ಕಂಡಿತು. ಎಂದೋ ಚುಚ್ಚಿದ ಸಿಬಿರನ್ನು ಪೂರ್ತಿ ತೆಗೆದೆನೆಂದುಕೊಂಡಿದ್ದಳು; ತುದಿ ಒಳಗೇ ಮುರಿದು ಉಳಿದಿತ್ತು.

ಆಮೇಲಿನ ತಿಂಗಳುಗಳು ಸುಲಭವಿರಲಿಲ್ಲ. ಬೂಷ್ಟಿನ ಮಾತ್ರೆಗೆ ವಾಕರಿಕೆ. ಹೇಳಿದ್ದಂತೆಯೇ ಅದು ಕಿಡ್ನಿಯ ಮಾತ್ರೆಯ ಜೋರು ಹೆಚ್ಚಿಸಿ, ಕೈಗೆ ನಡುಕ ಹತ್ತಿತು. ಸೊಸೆಯೂ ಅತ್ತೆಯೂ ಎದುರುಬದುರು ಕೂತು ಲೋಟ ಎತ್ತಿದರೆ ಎರಡು ಕೈಯೂ ಒಟ್ಟಿಗೆ ನಡುಗುತ್ತಿದ್ದವು. ಡಾಕ್ಟರಮ್ಮ ಜೋಂಪಿನ ಮಾತ್ರೆಯನ್ನು ಇಳಿಸಿದಳು, ರಕ್ತ ನೋಡಿ ಮತ್ತೆ ಚೂರು ಏರಿಸಿದಳು. ಒಂದು ಸಲ ರಕ್ತದ ವರದಿಯಲ್ಲಿ ಕಿಡ್ನಿಯ ಅಂಕಿ ಕೆಟ್ಟಿತು. ಆ ವಾರವೆಲ್ಲ ಅತ್ತೆ ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು ಏಳುತ್ತಿದ್ದಳು. ಮೊಂಡಿ ಹಾಸಿಗೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅತ್ತೆಯ ಜೊತೆ ಜಗಳವಾಡುವ ಸ್ವರದಲ್ಲೇ ಆ ಕಿಡ್ನಿಯ ಜೊತೆಗೂ ಮಾತಾಡುತ್ತಿದ್ದಳು: ನಿನ್ನ ಒಡತಿ ಇಷ್ಟಕ್ಕೆಲ್ಲ ಹೆದರುವವಳಲ್ಲ, ನೀನ್ಯಾಕೆ ಹೆದರುತ್ತೀ ಎಂದು. ಅಂಕಿ ಸರಿಹೋಯಿತು. ಅವಳ ಮಾತಿಗಲ್ಲ, ಡಾಕ್ಟರಮ್ಮ ಮಾತ್ರೆ ಸರಿಮಾಡಿದ್ದಕ್ಕೆ. ಅದು ಅವಳಿಗೂ ಗೊತ್ತಿತ್ತು.

ಗಾಯ ಮಾಗಿ ಬೆರಳು ಅರ್ಧ ಮಡಚುವಂತಾದಾಗ ಕೆಲಸದ ಮಾತು ಬಂತು. ಡಾಕ್ಟರಮ್ಮ ಖಂಡಿತ ಬೇಡವೆಂದಳು. ಅವಳು ಸಿಟ್ಟಾದದ್ದನ್ನು ಮೊಂಡಿ ಅದೇ ಮೊದಲು ನೋಡಿದ್ದು. ನಾವು ಇಷ್ಟೆಲ್ಲ ಪಾಡುಪಟ್ಟದ್ದು ನೀವು ಮತ್ತೆ ಹೋಗಿ ಅದೇ ಬಿದಿರಿನ ಮುಂದೆ ಕೂರಲಿ ಎಂದೇ ಎಂದು ಕೇಳಿದಳು. ಅದಕ್ಕೇ ಎಂದಳು ಮೊಂಡಿ. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು:

"ಡಾಕ್ಟರಮ್ಮ, ಮಾಡಲ್ಲ ಅಂತ ಸುಳ್ಳು ಹೇಳಿ ಮಾಡಲಾ, ಮಾಡ್ತೀನಿ ಅಂತ ನಿಜ ಹೇಳಿ ಮಾಡಲಾ? ನಿಜ ಹೇಳಿದ್ರೆ ಹೇಗೆ ಮಾಡಬೇಕು ಅಂತ ನೀವು ಹೇಳ್ತೀರಿ. ನಾನು ಹಾಗೇ ಮಾಡ್ತೀನಿ. ಹೋದ ಸಲ ಕೈಗವಸು ಹಾಕ್ತೀನಿ ಅಂದು ಮೊಳೆಗೆ ಸಿಕ್ಕಿಸಿದ್ದೆ. ಅದು ನನ್ನ ತಪ್ಪು."

ಡಾಕ್ಟರಮ್ಮ ಒಂದು ಬಿಳಿ ಹಾಳೆ ಎಳೆದುಕೊಂಡಳು. ನಂತರ ಒಂದೊಂದಾಗಿ ಕೇಳತೊಡಗಿದಳು: ಬಿದಿರು ಎಲ್ಲಿಂದ ಬರುತ್ತದೆ, ಎಷ್ಟು ದಿನ ನೀರಿನಲ್ಲಿರುತ್ತದೆ, ಧೂಳು ಯಾವಾಗ ಏಳುತ್ತದೆ. ಅಂದು ಹೊರಗೆ ಕಾಯುತ್ತಿದ್ದ ರೋಗಿಗಳು ಗೊಣಗುವಷ್ಟು ಹೊತ್ತು ಅವರಿಬ್ಬರೂ ಚೌಕಾಸಿ ಮಾಡಿದರು. ಹಳೆಯ, ಕಪ್ಪು ಹತ್ತಿದ ಬಿದಿರು ಮನೆಗೆ ಬರಕೂಡದು. ತೊಟ್ಟಿಯಲ್ಲಿ ಕೊಳೆಹಾಕುವುದು ನಿಲ್ಲಬೇಕು. ಸೀಳಿದ ದಬ್ಬೆಯನ್ನು ಕುದಿಸಿ ಒಣಗಿಸಬೇಕು. ಕಡಿಯುವುದು, ಸೀಳುವುದು ಗಂಡನ ಪಾಲು, ಅದೂ ಅವಳು ಅಂಗಳದಲ್ಲಿ ಇಲ್ಲದಾಗ. ಮೂಗು ಬಾಯಿಗೆ ಬಟ್ಟೆ. ಕೈಗೆ ತೊಗಲಿನ ಗವಸು. ಸಿಬಿರು ಚುಚ್ಚಿದರೆ ಮನೆಯಲ್ಲಿ ಕೆದಕದೆ ಆಸ್ಪತ್ರೆಗೆ ಬರಬೇಕು. ಇಷ್ಟಾದರೂ ಅಪಾಯವಿಲ್ಲವೆಂದು ತಾನು ಹೇಳಲಾರೆನೆಂದಳು ಡಾಕ್ಟರಮ್ಮ. ಅಪಾಯವಿಲ್ಲದ್ದನ್ನು ನಾನು ಕೇಳಲೇ ಇಲ್ಲವಲ್ಲ ಎಂದಳು ಮೊಂಡಿ.

ಗಂಡ ಎಲ್ಲಿಂದಲೋ ಹಳೆಯ ತಗಡಿನ ಪೀಪಾಯಿ ತಂದು ಒಲೆ ಹೂಡಿದ. ಮಾತಾಡದಿದ್ದರೂ ಆ ಮನುಷ್ಯ ಒಲೆಯನ್ನು ಗಟ್ಟಿಯಾಗಿ ಹೂಡಿದ್ದ. ಕುದಿಸಿದ ದಬ್ಬೆಗಳು ಬಿಸಿಲಿನಲ್ಲಿ ಸಾಲಾಗಿ ಒರಗಿದವು. ಮೊಂಡಿ ತೊಗಲಿನ ಗವಸು ತೊಟ್ಟು ಕೂತಳು. ಮೊದಲ ದಿನಗಳ ದಬ್ಬೆ ಒಂದೂ ನೆಟ್ಟಗಿರಲಿಲ್ಲ. ಹೆಣೆದ ಬುಟ್ಟಿ ಒಂದು ಕಡೆಗೆ ವಾಲಿ, ಕುಡಿದವನಂತೆ ನಿಂತುಕೊಂಡಿತು. ಅತ್ತೆ ದೂರದಿಂದ ನೋಡಿ, ಎಷ್ಟೋ ದಿನಗಳ ಮೇಲೆ ತಾನಾಗಿ ಬಾಯಿಬಿಟ್ಟು, ಇದರಲ್ಲಿ ಕೋಳಿ ಮುಚ್ಚಿದರೆ ಕೋಳಿಗೇ ನಾಚಿಕೆಯಾಗುತ್ತದೆ ಎಂದಳು. ಮೊಂಡಿ ಅದನ್ನು ಬಿಚ್ಚಲಿಲ್ಲ, ಸಂತೆಗೆ ಕಳಿಸಿದಳು. ವಾಪಸು ಬಂತು. ಮರುವಾರ ಮತ್ತೆ ಕಳಿಸಿದಳು.

ಬೆರಳಿಗೆ ಏನೂ ತಿಳಿಯದಿದ್ದಾಗ ಅವಳು ಕಿವಿಗೊಟ್ಟಳು. ದಬ್ಬೆ ಅಲಗಿನ ಮೇಲೆ ಹರಿಯುವಾಗ ಒಂದು ಸದ್ದಿರುತ್ತದೆ. ದಪ್ಪಗಿದ್ದರೆ ಗೊರಗೊರ, ಹದವಾಗಿದ್ದರೆ ರೇಷ್ಮೆ ಬಟ್ಟೆ ಎಳೆದ ಹಾಗೆ ಸರ್ರೆನ್ನುತ್ತದೆ, ತೀರಾ ತೆಳುವಾದರೆ ಸಿಳ್ಳೆ. ಇಷ್ಟು ವರ್ಷ ಆ ಸದ್ದು ಕಿವಿಗೆ ಬಿದ್ದಿದ್ದರೂ ಬೆರಳೇ ಎಲ್ಲವನ್ನೂ ಹೇಳುತ್ತಿದ್ದುದರಿಂದ ಗಮನಕ್ಕೆ ಬಂದಿರಲಿಲ್ಲ. ಈಗ ಸದ್ದನ್ನೇ ಹಿಡಿದು ಒತ್ತಿದಳು, ಬಿಟ್ಟಳು, ಒತ್ತಿದಳು. ಒಳಗೆ ಕೂತ ಅತ್ತೆಗೂ ಅದು ಕೇಳುತ್ತಿತ್ತು. ಮೊದಮೊದಲು ಗೊರಗೊರ ಎಂದಾಗಲೆಲ್ಲ ಅಡುಗೆಮನೆಯಲ್ಲಿ ಪಾತ್ರೆ ದಡಾರೆಂದು ಬೀಳುತ್ತಿತ್ತು. ಬರಬರುತ್ತ ಪಾತ್ರೆಗಳು ಸುಮ್ಮನಾದವು. ಒಂದು ಮಧ್ಯಾಹ್ನ ಬಾಗಿಲಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡು ಗೋಡೆಗೊರಗಿ ಕೂತಿರುವುದನ್ನು ಮೊಂಡಿ ಕಂಡಳು. ನಿದ್ದೆ ಹೋಗಿದ್ದಾಳೆಂದುಕೊಂಡಳು.

"ಈಗಿನದು ಸರಿಯಾಗಿತ್ತು," ಎಂದಳು ಅತ್ತೆ ಕಣ್ಣು ತೆರೆಯದೆ.

ಅದಾದ ಸ್ವಲ್ಪ ಕಾಲಕ್ಕೆ, ಹಳೆಯ ಹೊಲಿಗೆಯ ಪಕ್ಕದಲ್ಲಿ ಸಾಸಿವೆಯಷ್ಟು ಗಂಟು ಮತ್ತೆ ಕೈಗೆ ಹತ್ತಿತು. ಸ್ನಾನ ಮಾಡುವಾಗ ಮೊಂಡಿಗೆ ತಾನಾಗೇ ಸಿಕ್ಕಿದ್ದು. ಈ ಸಲ ಯಾರೂ ಅದಕ್ಕೆ ಬೇರೆ ಹೆಸರು ಹುಡುಕಲಿಲ್ಲ. ತಲೆ ಒರೆಸಿಕೊಂಡವಳೇ ಅತ್ತೆಗೆ ತೋರಿಸಿದಳು. ಅತ್ತೆ ಮುಟ್ಟಲಿಲ್ಲ. ಚಪ್ಪಲಿ ಹಾಕ್ಕೋ ಎಂದಳು.

ಮೂವರೂ ಹೋದರು. ಬೆರಳಿನ, ಎದೆಯ, ತಲೆಯ ಚಿತ್ರಗಳನ್ನೆಲ್ಲ ತೆಗೆದರು. ಒಳಗೆಲ್ಲೂ ಹರಡಿಲ್ಲ, ಮೂಳೆ ಶುದ್ಧವಾಗಿದೆ, ಹಳೆಯ ಜಾಗದಲ್ಲೇ ಒಂದಿಷ್ಟು ಬೇರು ಉಳಿದು ಚಿಗುರಿದೆ ಎಂದರು. ಕತ್ತರಿಸುವ ಡಾಕ್ಟರಿಗೆ ಈಗ ಅನುಮಾನವೇ ಇರಲಿಲ್ಲ. ಆಗಲೇ ಹೇಳಿದ್ದೆನಲ್ಲ ಎಂದು ಅವನು ಆಡಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವನು. ಈ ಸಲ ಬೆರಳು ತೆಗೆದುಬಿಡೋಣ ಎಂದ. ಮೊಂಡಿ ಕೈಯನ್ನು ಅವನ ಮೇಜಿನ ಮೇಲೆ ಅಂಗಾತ ಇಟ್ಟಳು. ಒಂದು ಬೆರಳು ಪೂರ್ತಿ ಮಡಚಲಾರದ, ತೊಗಲಿನ ಕರೆ ಹತ್ತಿದ, ಸಣ್ಣಗೆ ನಡುಗುವ ಕೈ ಅದು.

"ಗಂಟು ಮಾತ್ರ ತೆಗೀರಿ."

ಡಾಕ್ಟರು ಗಂಡನ ಕಡೆ ನೋಡಿದ. ಗಂಡ ನೆಲ ನೋಡಿದ. ಆಗ ಡಾಕ್ಟರು ಕುರ್ಚಿ ತಿರುಗಿಸಿ ಅತ್ತೆಯನ್ನು ಕೇಳಿದ. ಕಿಡ್ನಿ ಕೊಟ್ಟವರು ನೀವು, ದೊಡ್ಡವರು, ನಿಮ್ಮ ಮಾತಾದರೂ ಕೇಳಿಯಾಳು, ನೀವೇ ಬುದ್ಧಿ ಹೇಳಿ ಎಂದ. ಮೊಂಡಿ ಅತ್ತೆಯ ಕಡೆ ತಿರುಗಲಿಲ್ಲ. ಹೊಸ್ತಿಲ ಮೇಲಿನ ಆ ಸಂಜೆಯ ಮಾತು ಈಗ ಎಲ್ಲರೆದುರಿಗೆ ಬರುತ್ತದೆಂದು ಹಲ್ಲು ಕಚ್ಚಿ ಕೂತಳು.

ಅತ್ತೆ ಸೆರಗು ಸರಿಮಾಡಿಕೊಂಡಳು. "ಕಿಡ್ನಿ ನನ್ನದು, ಅದು ಸುಳ್ಳಲ್ಲ. ಬೆರಳು ಅವಳದು. ಅವಳು ಹೇಳಿದಷ್ಟು ತೆಗೀರಿ."

"ಮತ್ತೆ ಬಂದ್ರೆ?" ಎಂದ ಡಾಕ್ಟರು.

"ಮತ್ತೆ ಬರ್ತೀವಿ," ಎಂದಳು ಅತ್ತೆ. "ನಿಮಗೇನು ಬೇಜಾರಾ?"

ಡಾಕ್ಟರಮ್ಮನನ್ನು ಕರೆಸಿದರು. ಅವಳು ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಮೂಳೆ ಮುಟ್ಟಿಲ್ಲವಾದ್ದರಿಂದ ಇನ್ನೊಮ್ಮೆ ಪ್ರಯತ್ನಿಸಬಹುದು, ಆದರೆ ಈ ಸಲ ಸುತ್ತಲಿನ ಚರ್ಮವನ್ನೂ ಹೆಚ್ಚಾಗಿ ತೆಗೆಯಬೇಕು, ಮಾತ್ರೆ ಇನ್ನೂ ಉದ್ದಕ್ಕೆ ನುಂಗಬೇಕು, ಮೂಳೆ ಮುಟ್ಟಿತೆಂದರೆ ಮಾತ್ರ ತಾನೂ ಬೆರಳು ತೆಗೆಯಿರೆಂದೇ ಹೇಳುವೆ ಎಂದಳು. ಆಗ ಜಗಳ ಮಾಡೋಣ, ಈಗ ಇಷ್ಟು ಎಂದಳು ಮೊಂಡಿ. ಕತ್ತರಿಸುವ ಡಾಕ್ಟರು ಕೈ ತೊಳೆಯಲು ಎದ್ದ.

ಹೊಲಿಗೆ ಹಾಕಿ, ಬೆರಳು ಅಲುಗದಂತೆ ಸಣ್ಣ ಪಟ್ಟಿಯಿಟ್ಟು ಬಿಗಿದು ಕಟ್ಟಿದರು. ಊತ ಇಳಿಯುವ ತನಕ ಕೈ ಮೇಲೆತ್ತಿಕೊಂಡೇ ಇರಬೇಕೆಂದರು. ಹಾಗಾಗಿ ಮೊಂಡಿ ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದಾಗ ಅವಳ ತೋರುಬೆರಳು ಬಿಳಿಯ ಬಟ್ಟೆ ಸುತ್ತಿಕೊಂಡು ನೆಟ್ಟಗೆ ಮೇಲಕ್ಕೆ ನಿಂತಿತ್ತು, ಉಳಿದ ಬೆರಳುಗಳು ಮಡಚಿಕೊಂಡಿದ್ದವು. ಸೀಟಿನಲ್ಲಿದ್ದವರು ತಿರುಗಿ ನೋಡಿದರು. ಕಂಡಕ್ಟರು, ಏನಕ್ಕ, ಹತ್ತುವಾಗಲೇ ಬೆದರಿಸುತ್ತೀಯಲ್ಲ ಎಂದು ನಕ್ಕ. ನಿನ್ನನ್ನಲ್ಲ, ಟಿಕೆಟ್ ಕೊಡು ಎಂದಳು ಮೊಂಡಿ.

ಗಂಡ ಹಿಂದಿನ ಸೀಟಿನಿಂದ ಮೆಲ್ಲಗೆ, ಹಸಿ ಬಿದಿರು ತರುವುದು ಯಾವಾಗ, ಗಾಯ ಮಾಗಿದ ಮೇಲೆಯೋ ಮೊದಲೇ ಕುದಿಸಿ ಒಣಗಿಸಿಡುವುದೋ ಎಂದು ಕೇಳಿದ. ಅತ್ತೆ ಮತ್ತು ಸೊಸೆ ಇಬ್ಬರೂ ಒಟ್ಟಿಗೆ ಉತ್ತರ ಕೊಟ್ಟರು, ಒಬ್ಬಳು ಈಗ ಎಂದು, ಇನ್ನೊಬ್ಬಳು ಆಮೇಲೆ ಎಂದು. ಅಲ್ಲಿಂದ ಹತ್ತಿದ ಜಗಳ ಊರು ಬರುವ ತನಕ ನಿಲ್ಲಲಿಲ್ಲ. ಮೊಂಡಿ ಮಾತಿನ ಭರದಲ್ಲಿ ಕೈ ಕೆಳಗಿಳಿಸಿದಾಗಲೆಲ್ಲ ಅತ್ತೆ ಅವಳ ಮೊಣಕೈ ಹಿಡಿದು ಮೇಲಕ್ಕೆತ್ತುತ್ತಿದ್ದಳು, ಬಯ್ಯುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ.